ಡೈರಿ ಗೋಡೆಯ ಮೇಲೊಂದು ನಗು

ಹೊಟ್ಟೆಕಿಚ್ಚಿಗೆ ನಮ್ಮ ಹಿರಿಯರು ಸರಿಯಾದ ಜಾಗವನ್ನೇ ಗೊತ್ತುಮಾಡಿ ಹೆಸರಿಟ್ಟಿದ್ದಾರೆ. ಅದು ಎದೆಯಲ್ಲೂ ಹುಟ್ಟುವುದಿಲ್ಲ, ತಲೆಯಲ್ಲೂ ಹುಟ್ಟುವುದಿಲ್ಲ. ಊಟಕ್ಕೆ ಕೂತಾಗ, ಮುದ್ದೆಯ ಮೊದಲ ತುತ್ತು ಇಳಿಯುವ ಹೊತ್ತಿಗೆ ಒಳಗೆ ಯಾರೋ ಸೀಮೆಣ್ಣೆ ಸ್ಟವ್ ಹಚ್ಚಿದ ಹಾಗಾಗುತ್ತದೆ. ಲೋಕದಲ್ಲಿ ಜನ ಪಕ್ಕದ ಮನೆಯವರ ಕಾರು, ಷಡ್ಡಕನ ಸೈಟು, ಪಕ್ಕದ ಮೇಜಿನವನ ಬಡ್ತಿ, ಇಂಥವನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಾರೆ. ಅವೆಲ್ಲ ಮರ್ಯಾದಸ್ಥರ ಹೊಟ್ಟೆಕಿಚ್ಚುಗಳು. ಹೇಳಿಕೊಂಡರೆ ನಾಲ್ಕು ಜನ ‘ಪಾಪ’ ಎನ್ನುತ್ತಾರೆ, ಅವರಲ್ಲಿ ಇಬ್ಬರಿಗಾದರೂ ಅದೇ ಕಾಯಿಲೆ ಇರುತ್ತದೆ. ನನ್ನದು ಹಾಗಲ್ಲ. ಕೆಜಿಎಫ್‌ನ ಊರಿಗಾಂನಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಸಹಾಯಂ ಎಂಬ ಫೋಟೋಗ್ರಾಫರ್ ನನ್ನ ಹೆಂಡತಿಯ ಫೋಟೋ ತೆಗೆದ. ಅದು ಚೆನ್ನಾಗಿ ಬಂತು. ಅದಕ್ಕೆ ನನಗೆ ಹೊಟ್ಟೆ ಉರಿಯಿತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಿದರೆ ಕೇಳಿದವರು ಬೇರೇನನ್ನೋ ಊಹಿಸಿಕೊಂಡು ಕಿವಿ ನೆಟ್ಟಗೆ ಮಾಡುತ್ತಾರೆ. ಊಹಿಸುವಂಥದ್ದು ಏನೂ ಇಲ್ಲ. ನನ್ನ ಹೆಂಡತಿ ಅವನನ್ನು ‘ಅಣ್ಣ’ ಎಂದೇ ಕರೆದಿದ್ದಾಳೆ. ಆದರೂ ಉರಿಯಿತು.

ಉರಿಯಲು ಕಾರಣವಿದೆ. ನಾನೂ ಫೋಟೋ ತೆಗೆಯುವವನೇ. ಬಂಗಾರಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ನನ್ನನ್ನು ಅಲ್ಲಿ ನಾರಾಯಣಸ್ವಾಮಿ ಎಂದರೆ ಕೆಲವರು ಯಾರು ಎನ್ನಬಹುದು, ‘ಫೋಟೋ ನಾರಾಯಣಸ್ವಾಮಿ’ ಎಂದರೆ ಕ್ಯಾಂಟೀನಿನವನೂ ತೋರಿಸುತ್ತಾನೆ. ಯಾರದಾದರೂ ನಿವೃತ್ತಿಯೋ, ವರ್ಗವೋ ಆದರೆ ಹಾರ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ನನ್ನ ಫೋನೂ ಬೇಕು. ಎಲ್ಲರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿ, ‘ಎಡಗಡೆಯವರು ಒಳಗೆ ಬನ್ನಿ, ಗಲ್ಲ ಮೇಲೆ, ಹೊಟ್ಟೆ ಒಳಗೆ, ಕಣ್ಣು ಮುಚ್ಚಬೇಡಿ, ನಗಿ’ ಎಂದು ನಾನು ಕೂಗುವಾಗ ನಮ್ಮ ಮ್ಯಾನೇಜರು ಕೂಡ ಮಾತಿಲ್ಲದೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಸರ್ಕಾರಿ ನೌಕರಿಯಲ್ಲಿ ಒಬ್ಬ ಗುಮಾಸ್ತನಿಗೆ ಸಿಗಬಹುದಾದ ಅತಿ ಹೆಚ್ಚಿನ ಅಧಿಕಾರ ಅದು. ಹಾಗಾಗಿ ಸ್ಟುಡಿಯೋಗಳ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ನನ್ನ ಫೋನಿನ ಬೆನ್ನಿಗೆ ಮೂರು ಕಣ್ಣಿವೆ, ಶಿವನಿಗೂ ಅಷ್ಟೇ ಇರುವುದು. ಎಸ್ಟಿಡಿ ಬೂತುಗಳು ಹೋದ ದಾರಿಯಲ್ಲೇ ಸ್ಟುಡಿಯೋಗಳೂ ಹೋಗಬೇಕು, ಅವು ಇನ್ನೂ ಯಾಕೆ ಬಾಗಿಲು ತೆರೆದುಕೊಂಡು ಕೂತಿವೆ ಎಂದು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಕೇಳದವರಿಗೂ ಹೇಳುತ್ತಿದ್ದೆ.

ನನ್ನ ಕಲೆಗೆ ಬಗ್ಗದ ಮುಖ ಒಂದೇ ಒಂದು, ಅದು ನಮ್ಮ ಮನೆಯಲ್ಲೇ ಇದೆ. ನನ್ನ ಹೆಂಡತಿ ಮುನಿರತ್ನ ಸಿಡುಕಿನವಳಲ್ಲ. ಬೀದಿಯಲ್ಲಿ ನಾಲ್ಕು ಹೆಂಗಸರು ಸೇರಿ ನಗುತ್ತಿದ್ದರೆ ನಗಿಸುತ್ತಿರುವವಳು ಅವಳೇ. ಆದರೆ ನಾನು ಫೋನು ಎತ್ತಿದೆನೋ, ಆ ಮುಖಕ್ಕೆ ರೇಷನ್ ಕಾರ್ಡಿನ ಕಳೆ ಬಂದುಬಿಡುತ್ತದೆ. ತುಟಿ ಹೊಲಿದ ಹಾಗೆ, ಕಣ್ಣು ನನ್ನ ಹಿಂದೆ ಯಾರೋ ಕಳ್ಳ ನಿಂತಿರುವ ಹಾಗೆ. ಒಮ್ಮೆ ಮದುವೆಯಾಗಲಿರುವ ಜೋಡಿಗಳೆಲ್ಲ ಕೆಜಿಎಫ್‌ಗೆ ಬಂದು ಸೈನೈಡ್ ದಿಬ್ಬದ ಮುಂದೆ ಫೋಟೋ ತೆಗೆಸಿಕೊಳ್ಳುವುದನ್ನು ಕಂಡು, ನಾವೂ ಏನು ಕಡಿಮೆ ಎಂದು ಅವಳನ್ನು ರೇಷ್ಮೆ ಸೀರೆ ಉಡಿಸಿ ಮೈಸೂರು ಮೈನ್ಸ್ ಕಡೆಗೆ ಕರೆದುಕೊಂಡು ಹೋದೆ. ಗಣಿಯಿಂದ ತೆಗೆದು ಸುರಿದ ಪುಡಿಮಣ್ಣಿನ ಗುಡ್ಡಗಳು ಅವು. ಫೋಟೋದಲ್ಲಿ ಮರುಭೂಮಿಯ ಹಾಗೆ ಕಾಣುತ್ತವೆ. ಅವತ್ತು ಗಾಳಿ ಬೇರೆ. ಸೆರಗು ಒಂದು ಕಡೆ, ಕೂದಲು ಒಂದು ಕಡೆ, ಕಣ್ಣಿಗೆ ಮಣ್ಣು. ನಾನು ‘ನಗು, ನಗು’ ಎನ್ನುತ್ತಾ ಇದ್ದೆ. ಅವಳು ಕಣ್ಣುಜ್ಜಿಕೊಂಡು, “ನಮ್ಮೊಲದಾಗೆ ಮಣ್ಣಿಲ್ವಾ? ಈ ಮಣ್ ಗುಡ್ಡೆ ತೋರ್ಸಕೆ ರೇಸ್ಮೆ ಸೀರೆ ಉಡ್ಸಿ ಕರ್ಕಂಡ್ ಬಂದ್ರಾ?” ಎಂದಳು. ಆ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಮರುಭೂಮಿಯಲ್ಲಿ ಒಂಟೆ ಕಳೆದುಕೊಂಡವಳ ಹಾಗಿದ್ದಾಳೆ.

ಹೀಗಿರುವಾಗ ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ರತ್ನ ಅಧ್ಯಕ್ಷಳಾದಳು. ನಮ್ಮೂರು ಬಂಗಾರಪೇಟೆಯಿಂದ ಬೇತಮಂಗಲದ ಕಡೆಗೆ ಹೋಗುವ ದಾರಿಯಲ್ಲಿದೆ. ಊರಿನ ಅರ್ಧ ಮನೆಗಳ ಸಂಸಾರ ನಡೆಸುವವು ಸೀಮೆಹಸುಗಳೇ. ನಮ್ಮ ಕೊಟ್ಟಿಗೆಯಲ್ಲೂ ಇವೆ, ಅವಕ್ಕೆ ರತ್ನನೇ ಎಲ್ಲ. ನಾನು ಸಂಬಳ ತರುವವನು ಎಂಬ ಗೌರವದಿಂದ ಅವು ನನ್ನನ್ನು ಒದೆಯುವುದಿಲ್ಲ, ಅಷ್ಟೆ. ಸಂಘಕ್ಕೆ ಹೊಸ ಕಟ್ಟಡವಾಯಿತು. ಒಳಗೆ ಗೋಡೆಯ ಮೇಲೆ ಅಧ್ಯಕ್ಷರ ಫೋಟೋ ಹಾಕಬೇಕೆಂದು ಸದಸ್ಯೆಯರೆಲ್ಲ ಸೇರಿ ತೀರ್ಮಾನಿಸಿದರು. ಸಂಘದ ಕಾರ್ಯದರ್ಶಿ ಪದ್ಮ ನಮ್ಮ ಎದುರು ಮನೆಯವಳು. ಅವಳು ಬಂದು, “ಅಣ್ಣ, ಅಕ್ಕಂದು ಒಂದ್ ಒಳ್ಳೇ ಪೋಟೋ ಕೊಡಿ” ಎಂದಾಗ ನನಗೆ ಆದ ಸಂತೋಷ, ಅಧ್ಯಕ್ಷಗಿರಿ ನನಗೇ ಬಂದಿದ್ದರೂ ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ರತ್ನನನ್ನು ಅಂಗಳದಲ್ಲಿ ನಿಲ್ಲಿಸಿದೆ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಿ ಈ ಕಡೆ ತಿರುಗಿಸಿದೆ, ಆ ಕಡೆ ತಿರುಗಿಸಿದೆ. ಗಲ್ಲ ಎತ್ತಿಸಿದೆ, ಭುಜ ಇಳಿಸಿದೆ. “ಬಿರ್ರನೆ ತೆಗೀರಿ, ಆಲ್ ಉಕ್ತದೆ” ಎಂದಳು. ಹಾಲು ಉಕ್ಕುತ್ತದೆ ಎಂಬ ಯೋಚನೆ ಇರುವ ಮುಖದಲ್ಲಿ ಅಧ್ಯಕ್ಷರ ಕಳೆ ಎಲ್ಲಿಂದ ಬರಬೇಕು? ಆದರೂ ಬಿಡದೆ ಸುಮಾರು ತೆಗೆದೆ. ಒಂದರಲ್ಲಿ ಅವಳ ಹಿಂದಿನಿಂದ ಗೌರಿ ಎಂಬ ನಮ್ಮ ಹಸು ಕತ್ತು ಚಾಚಿತ್ತು. ಪದ್ಮ ನನ್ನ ಫೋನು ಇಸಿದುಕೊಂಡು ಒಂದೊಂದಾಗಿ ನೋಡಿದಳು. ಬಹಳ ಮರ್ಯಾದೆಯ ಹುಡುಗಿ, ಮಾತನ್ನು ಹುಡುಕಿಕೊಂಡು, “ಅಣ್ಣ, ಇದ್ರಾಗೆಲ್ಲ ಅಕ್ಕ ಯಾರ್‌ನೋ ಬಯ್ಯಕೆ ಒಂಟಂಗವ್ಳೆ. ಆಲ್ ಆಕಾಕ್ ಬರೋರು ಎದ್ರುಕೊಂಡ್ಬುಡ್ತಾರೆ. ಗೌರಿ ಮಾತ್ರ ಸೆನ್ನಾಗ್ ಬಂದದೆ” ಎಂದಳು.

ಮಾರನೆಯ ದಿನ ನಾನು ಕಚೇರಿಯಲ್ಲಿದ್ದಾಗ ಪದ್ಮ ರತ್ನನನ್ನು ಕರೆದುಕೊಂಡು ಊರಿಗಾಂಗೆ ಹೋಗಿ ಸಹಾಯಂನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಬಿಟ್ಟಳು. ಸಂಜೆ ನನಗೆ ಹೇಳಿದರು. “ಯಾಕೆ ದಂಡ” ಎಂದೆ. ಒಳಗೊಳಗೆ ಖುಷಿಯಾಗಿತ್ತು. ಅವನಿಂದಲೂ ಆಗುವುದಿಲ್ಲ, ಆ ಮುಖ ನನಗೆ ಗೊತ್ತಿಲ್ಲವೇ, ಅವನ ಲೈಟು ಛತ್ರಿ ಎಲ್ಲ ಆ ಮುಖದ ಮುಂದೆ ತಲೆ ಬಾಗಿ ನಿಲ್ಲಬೇಕು ಎಂದುಕೊಂಡು ಅವತ್ತು ಚೆನ್ನಾಗಿ ಊಟ ಮಾಡಿದೆ.

ಕಟ್ಟಡದ ಪೂಜೆಯ ದಿನ ಫೋಟೋ ನೋಡಿದೆ. ಮರದ ಚೌಕಟ್ಟು, ಒಳಗೆ ರತ್ನ. ಕುರ್ಚಿಯಲ್ಲಿ ಸ್ವಲ್ಪ ಓರೆಯಾಗಿ ಕೂತಿದ್ದಾಳೆ. ಒಂದು ಕೈ ಕುರ್ಚಿಯ ತೋಳಿನ ಮೇಲಿದೆ, ಏಳಲು ಹೋಗಿ ಮತ್ತೆ ಕೂತವಳ ಹಾಗೆ. ಮುಖದ ತುಂಬ ನಗು. ಫೋಟೋಕ್ಕೆ ಬೇಕೆಂದು ನಕ್ಕ ನಗುವಲ್ಲ, ತನಗೆ ತಾನೇ ಬಂದು ತಡೆಯಲಾರದೆ ಹೋದ ನಗು. ಆ ನಗುವಿನಲ್ಲಿ ಎಡಗಡೆಯ ಸೊಟ್ಟ ಹಲ್ಲು ಕಾಣುತ್ತಿತ್ತು.

ಆ ಹಲ್ಲಿನ ವಿಷಯ ಹೇಳಬೇಕು. ರತ್ನನಿಗೆ ಎಡಗಡೆ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿ ಕೂತಿದೆ. ಚಿಕ್ಕಂದಿನಲ್ಲಿ ಯಾರೋ ಆಡಿಕೊಂಡಿದ್ದರಂತೆ, ಅಂದಿನಿಂದ ಜೋರಾಗಿ ನಗು ಬಂದರೆ ಸೆರಗು ಬಾಯಿಗೆ ಹೋಗುತ್ತದೆ. ನಮ್ಮ ಮದುವೆಯಾದ ಹೊಸತರಲ್ಲಿ ಆ ಹಲ್ಲು ನನಗೆ ಮೊದಲ ಸಲ ಕಂಡದ್ದು, ನಾನು ಅವರ ತವರಿನ ಅಂಗಳದಲ್ಲಿ ಸಗಣಿಯ ಮೇಲೆ ಕಾಲಿಟ್ಟು ಜಾರಿ ಬಿದ್ದಾಗ. ಬಿದ್ದಲ್ಲಿಂದಲೇ ನೋಡಿದೆ, ನೋವೇ ಆಗಲಿಲ್ಲ. ಆಮೇಲೂ ಯಾವಾಗಲಾದರೊಮ್ಮೆ, ನಾನು ಏನಾದರೂ ಪೆಚ್ಚಾದಾಗ ಮಾತ್ರ ಅದು ಕಾಣಿಸುತ್ತಿತ್ತು. ಅದನ್ನು ನೋಡಿದವನು ಭೂಮಿಯ ಮೇಲೆ ನಾನೊಬ್ಬನೇ, ಅದು ನನ್ನ ಸ್ವಯಾರ್ಜಿತ ಆಸ್ತಿ ಎಂದುಕೊಂಡಿದ್ದೆ. ಅದೀಗ ಡೈರಿಯ ಗೋಡೆಯ ಮೇಲೆ, ಎರಡು ಹೊತ್ತೂ ಹಾಲು ಹಾಕಲು ಬರುವ ಸಮಸ್ತರಿಗೂ ಕಾಣುವಂತೆ ಚೌಕಟ್ಟಿನಲ್ಲಿ ಕೂತಿತ್ತು. ಜನ ಒಬ್ಬರ ಹಿಂದೆ ಒಬ್ಬರು ಬಂದು ನೋಡಿ, ‘ಅಮ್ಮಣ್ಣಿ ಎಷ್ಟ್ ಸೆನ್ನಾಗವ್ಳೆ’ ಎನ್ನುತ್ತಿದ್ದರು. ಒಬ್ಬ ಅಜ್ಜಿಯಂತೂ ನನ್ನ ಮುಂದೆಯೇ, “ಇವ್ಳು ಇಂಗ್ ನಗ್ತಾಳೆ ಅಂತ ನಮ್ಗ್ ಗೊತ್ತೇ ಇರ್ಲಿಲ್ಲವಲ್ಲಪ್ಪ” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಗದೇ ಇದ್ದದ್ದಕ್ಕೆ ಕಾರಣ ನಾನೇ ಎನ್ನುವ ಹಾಗಿತ್ತು ಆ ನೋಟ. ಅವತ್ತಿನ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಮನೆಗೆ ಬಂದವನೇ ಕೇಳಿದೆ.

“ಅವನು ಏನು ಹೇಳಿ ನಗಿಸಿದ?”

“ಯಾರು?”

“ಅವನೇ, ನಿಮ್ಮ ಸಹಾಯಂ.”

“ಅಣ್ಣ ಏನೂ ಯೋಳ್ಲಿಲ್ಲ. ಕೂತ್ಕಳಮ್ಮ ಅಂದ್ರು, ಕೂತ್ಕಂಡೆ.”

“ಅಷ್ಟೇನಾ?”

“ಅಷ್ಟೇಯ. ಯಾಕಂಗ್ ಕೇಳ್ತೀರಿ, ಸೆನ್ನಾಗಿಲ್ವಾ?”

“ಚೆನ್ನಾಗಿದೆ” ಎಂದೆ. ಆ ಒಂದು ಮಾತು ಹೊರಗೆ ಬರಬೇಕಾದರೆ ಬೋರ್‌ವೆಲ್‌ನಿಂದ ಕೊನೆಯ ಬಕೆಟ್ ನೀರು ಬಂದ ಹಾಗಾಯಿತು. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಕರು ಕೂಗಿತು, ಎದ್ದು ಹೋದಳು.

ಕೂತುಕೋ ಎಂದರೆ ಹೀಗೆ ನಗುವುದಾದರೆ ಅದೇನು ದೊಡ್ಡ ವಿಷಯ ಎಂದು ಮರುದಿನ ನಾನೂ ಕಿಟಕಿಯ ಪಕ್ಕ ಕುರ್ಚಿ ಹಾಕಿ, ಅವಳನ್ನು ಕರೆದು, ಆದಷ್ಟು ಮೃದುವಾದ ದನಿಯಲ್ಲಿ “ಕೂತ್ಕೊಳ್ಳಮ್ಮ” ಎಂದೆ. ಅವಳು ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. “ಜರ ಏನೂ ಇಲ್ಲವಲ್ಲ” ಎಂದು ಕೊಟ್ಟಿಗೆಗೆ ಹೋದಳು.

ಅಲ್ಲಿಂದ ಮುಂದೆ ನನಗೆ ಹೊಸ ಚಟ ಹತ್ತಿತು. ಹಾಲಿನ ಕ್ಯಾನು ಯಾವ ಕೈಯಲ್ಲಿ ಹಿಡಿಯಬೇಕೆಂದೂ ತಿಳಿಯದ ನಾನು ಬೆಳಿಗ್ಗೆ ಎದ್ದು, “ಕೊಡು, ಇವತ್ತು ಡೈರಿಗೆ ನಾನೇ ಹಾಕಿ ಬರುತ್ತೇನೆ” ಎನ್ನತೊಡಗಿದೆ. ರತ್ನ ಗಂಡ ಸುಧಾರಿಸಿದ ಎಂದುಕೊಂಡಳು. ನಾನು ಹೋಗುತ್ತಿದ್ದದ್ದು ಫೋಟೋ ನೋಡಲು. ಸಾಲಿನಲ್ಲಿ ನಿಂತು, ಗೋಡೆಯ ಮೇಲಿನ ಆ ನಗುವನ್ನು ನೋಡುತ್ತಾ, ಈ ನಗು ಯಾರ ಕಡೆಗೆ, ಯಾವ ಮಾತಿಗೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ನನ್ನ ಮುಂದಿನವನು ಅದನ್ನೇ ನೋಡುತ್ತಿದ್ದರೆ ಬೆನ್ನಿಗೆ ಕ್ಯಾನು ತಗುಲಿಸಿ, “ಮುಂದೆ ನಡೆಯಪ್ಪ” ಎನ್ನುತ್ತಿದ್ದೆ. ಪದ್ಮ ಹಾಲಿನ ಡಿಗ್ರಿ ನೋಡುತ್ತಾ ನನ್ನನ್ನೂ ಒಂದು ಕಣ್ಣಿನಲ್ಲಿ ಅಳೆಯುತ್ತಿದ್ದಳು. ಕಚೇರಿಯಲ್ಲಿ ಇನ್ನೊಂದು ಪೇಚು. ಯಾರದೋ ಫೋನಿನಲ್ಲಿ ಪೂಜೆಯ ಚಿತ್ರಗಳನ್ನು ನೋಡಿದ ನಮ್ಮ ಮ್ಯಾನೇಜರು, “ನಾರಾಯಣಸ್ವಾಮಿ, ನಿಮ್ಮ ಮನೆಯವರ ಫೋಟೋ ನೀವು ಈವರೆಗೆ ತೆಗೆದದ್ದರಲ್ಲೆಲ್ಲ ಮೇಲು ಕಣ್ರೀ” ಎಂದರು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕೆಮ್ಮಿದೆ.

ಕೊನೆಗೆ ಒಂದು ಶನಿವಾರ ತಡೆಯಲಾರದೆ, ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಊರಿಗಾಂನಲ್ಲಿ ಇಳಿದೆ. ದಾರಿಯುದ್ದಕ್ಕೂ ಸಹಾಯಂನನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳುತ್ತಿದ್ದೆ. ಗುಂಗುರು ಕೂದಲು, ಕಿವಿಯಲ್ಲೊಂದು ಕಡುಕು, ಜೇನಿನಂಥ ಮಾತು. ಗಣಿ ಕಾಲದ ಹಳೆಯ ಕಟ್ಟಡವೊಂದರ ಮುಂಭಾಗದಲ್ಲಿ ಸ್ಟುಡಿಯೋ ಇತ್ತು. ಬಾಗಿಲಲ್ಲಿ ಕೂತಿದ್ದವನು ನನಗಿಂತ ದಪ್ಪಗಿದ್ದ, ವಯಸ್ಸು ನನ್ನದೇ. ತಲೆಗೆ ಹಚ್ಚಿದ ಬಣ್ಣ ಕಿವಿಗೂ ಸ್ವಲ್ಪ ಮೆತ್ತಿಕೊಂಡಿತ್ತು. ಕೈಯಲ್ಲಿ ಅರ್ಧ ತಿಂದ ಮಸಾಲೆ ವಡೆ. ಇವನಾ ಎಂದುಕೊಂಡೆ. ಇವನಿಗೆ ಹೊಟ್ಟೆಕಿಚ್ಚು ಪಟ್ಟೆನಾ ಎಂದು ಇನ್ನಷ್ಟು ಹೊಟ್ಟೆಕಿಚ್ಚಾಯಿತು.

“ವಾಂಗ ಸಾರ್, ಬನ್ನಿ ಬನ್ನಿ. ಪಾಸ್‌ಪೋರ್ಟ್ ಸೈಜಾ?”

“ಅಲ್ಲ. ದೊಡ್ಡದು. ಗೋಡೆಗೆ ಹಾಕುವುದು.”

ಅವನು ನನ್ನನ್ನು ಕನಿಕರದಿಂದ ನೋಡಿದ. “ಕೆಲವ್ರು ಹಿಂಗೆ ಮುಂಚೇನೇ ತೆಗೆಸಿ ಇಟ್ಕೊಂಡ್ಬಿಡ್ತಾರೆ ಸಾರ್. ಒಳ್ಳೇದೇ. ಆಮೇಲೆ ಮನೆಯವ್ರು ಅಳೋ ಟೈಮಲ್ಲಿ ರೇಷನ್ ಕಾರ್ಡ್ ಫೋಟೋ ಹಿಡ್ಕೊಂಡ್ ಬರ್ತಾರೆ, ಅದನ್ನ ದೊಡ್ಡದು ಮಾಡೋದು ನನಗೆ ಕಷ್ಟ.”

ಹಾರ ಹಾಕುವುದಕ್ಕಲ್ಲ, ಸುಮ್ಮನೆ ಇರಲಿ ಎಂದು ಹೇಳಿ ಒಳಗೆ ಹೋದೆ. ಬೂದು ಬಣ್ಣದ ಪರದೆ, ಎರಡು ಛತ್ರಿ ದೀಪ, ಒಂದು ಕುರ್ಚಿ. ಅದೇ ಕುರ್ಚಿ. ಕೂತೆ. ಸಹಾಯಂ ಮಾತು ನಿಲ್ಲಿಸುವವನಲ್ಲ. ಅವನಪ್ಪ ಗಣಿಯಲ್ಲಿದ್ದವನಂತೆ. “ಮೈನ್ಸ್ ನಿಂತ್ಮೇಲೆ ಈ ಊರಲ್ಲಿ ಚಿನ್ನ ತೆಗೀತಾ ಇರೋನು ನಾನೊಬ್ನೇ ಸಾರ್” ಎಂದ. ಹೇಳುವಾಗ ನಗಲೂ ಇಲ್ಲ. ಆಮೇಲೆ ಕ್ಯಾಮೆರಾದ ಹಿಂದೆ ಬಗ್ಗಿದ. ತೆಗೆದ, ನೋಡಿದ, ತಲೆ ಅಲ್ಲಾಡಿಸಿದ. ದೀಪ ಸರಿಸಿ ಮತ್ತೆ ತೆಗೆದ. ಕುರ್ಚಿ ತಿರುಗಿಸಿದ. ಅರ್ಧ ತಮಿಳಿನಲ್ಲಿ ಒಂದು ಜೋಕು ಹೇಳಿದ, ಅವನೊಬ್ಬನೇ ನಕ್ಕ. ಕೊನೆಗೆ ಕ್ಯಾಮೆರಾ ಕೆಳಗಿಟ್ಟು, “ಸಾರ್, ತಪ್ಪು ತಿಳ್ಕೋಬೇಡಿ. ನಿಮಗೆ ನನ್ನ ಮೇಲೆ ಏನಾದ್ರೂ ಕೋಪನಾ?” ಎಂದ.

“ಛೇ ಛೇ, ನಿಮ್ಮ ಮೇಲೆ ಯಾಕೆ?”

“ಇಲ್ಲ, ಮುಖದಲ್ಲಿ ಏನೋ ಇದೆ. ಹೊಟ್ಟೆ ನೋವು ಇರೋರು ಹಿಂಗೆ ಕೂತ್ಕೋತಾರೆ.”

ಕ್ಯಾಮೆರಾಕ್ಕೆ ಇಷ್ಟು ನಿಖರವಾಗಿ ರೋಗ ಗೊತ್ತಾಗುತ್ತದೆಂದು ನಾನು ತಿಳಿದಿರಲಿಲ್ಲ. ಸುಧಾರಿಸಿಕೊಳ್ಳಲೆಂದು ಎದ್ದು ಹೊರಗಿನ ಕೋಣೆಗೆ ಬಂದೆ. ಒಳಗೆ ಹೋಗುವಾಗ ಬೆನ್ನಿಗಿದ್ದ ಗೋಡೆ ಈಗ ಎದುರಾಯಿತು. ಗಾಜಿನ ಕಪಾಟಿನಲ್ಲಿ, ಮದುಮಕ್ಕಳ, ಬೊಚ್ಚುಬಾಯಿಯ ಮಗುವಿನ ಫೋಟೋಗಳ ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ ರತ್ನ ನಗುತ್ತಿದ್ದಳು.

“ಇವರು ಯಾರು?” ಎಂದೆ. ನನ್ನ ದನಿ ನನಗೇ ಪರಿಚಯವಿರಲಿಲ್ಲ.

“ಅದಾ? ಬಂಗಾರಪೇಟೆ ಕಡೆ ಡೈರಿ ಪ್ರೆಸಿಡೆಂಟ್ ಅಮ್ಮ. ಅವ್ರನ್ನ ಕೇಳಿ ಪರ್ಮಿಷನ್ ತಗೊಂಡೇ ಹಾಕಿರೋದು. ಎಲ್ರೂ ಇದನ್ನ ನೋಡಿ ಇಂಥದ್ದೇ ಬೇಕು ಅಂತಾರೆ ಸಾರ್. ಹೆಂಗಿದೆ ನಗು?”

“ಏನು ಹೇಳಿ ನಗಿಸಿದಿರಿ?”

“ನಾನೆಲ್ಲಿ ನಗಿಸಿದೆ?” ಎಂದು ಸಹಾಯಂ ವಡೆಯ ಉಳಿದರ್ಧ ಬಾಯಿಗೆ ಹಾಕಿಕೊಂಡ. “ಆ ಯಮ್ಮ ನಿಮ್ಮ ಹಂಗೇ ಕೂತಿತ್ತು, ಬಿಗ್ಕೊಂಡು. ಅಷ್ಟೊತ್ತಿಗೆ ಕರೆಂಟು ಹೋಯ್ತು. ಬರೋತನಕ ಸುಮ್ನೆ ಕೂತ್ಕಳಮ್ಮ, ನಂಗೇನೂ ಅರ್ಜೆಂಟ್ ಇಲ್ಲ ಅಂದೆ. ಪಾಪ, ಕತ್ತಲಲ್ಲಿ ಹಂಗೇ ಕುರ್ಚಿಗೆ ಒರಗ್ಕೊಂಡು ಅರೆ ನಿದ್ದೆ ಮಾಡ್ತು. ನಾನೂ ಏನೂ ಮಾತಾಡ್ಲಿಲ್ಲ. ಟಕ್ ಅಂತ ಕರೆಂಟು ಬಂತು ನೋಡಿ, ಆ ಯಮ್ಮ ‘ಅಯ್ಯೋ ಮೋಟ್ರು’ ಅಂತ ಎದ್ದೇಬಿಡ್ತು. ಅರ್ಧ ಎದ್ದು ನೋಡುತ್ತೆ, ಇಲ್ಲೆಲ್ಲಿದೆ ಮೋಟ್ರು? ನಂದು ಸ್ಟುಡಿಯೋ. ಮತ್ತೆ ಕೂತ್ಕೊಂಡು ತನ್ನ ತಾನೇ ನೋಡ್ಕೊಂಡು ನಕ್ಬಿಡ್ತು. ನಾನು ರೆಡಿಯಾಗಿದ್ದೆ. ಒತ್ತಿದೆ.”

ನಮ್ಮ ಕಡೆ ಹೊಲದ ಬೋರ್‌ವೆಲ್ಲಿಗೆ ತ್ರೀಫೇಸ್ ಕರೆಂಟು ಬರುವುದು ಸ್ವಲ್ಪ ಹೊತ್ತು, ಅದೂ ಯಾವಾಗ ಎಂದು ದೇವರಿಗೇ ಗೊತ್ತು. ಬಂದ ತಕ್ಷಣ ಊಟ ಬಿಟ್ಟು, ನಿದ್ದೆ ಬಿಟ್ಟು ಓಡಿ ಮೋಟಾರು ಹಾಕುವವಳು ರತ್ನ. ನಾನು ಮಲಗಿದ್ದಲ್ಲಿಂದಲೇ ‘ಕರೆಂಟು ಬಂತು ನೋಡು’ ಎನ್ನುವವನು. ಇಷ್ಟು ದಿನ ನನ್ನ ನಿದ್ದೆ ಕೆಡಿಸಿದ ಪ್ರತಿಸ್ಪರ್ಧಿ ಈ ದಪ್ಪ ಮನುಷ್ಯನಲ್ಲ, ಕರೆಂಟು ಎಂದು ತಿಳಿದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕತ್ತಲಲ್ಲಿ ಅವಳನ್ನು ಸುಮ್ಮನೆ ಕೂರಲು ಬಿಟ್ಟವನು ಇವನೇ ತಾನೆ? ನಾನಾಗಿದ್ದರೆ ಫೋನಿನ ಟಾರ್ಚು ಹಾಕಿ ‘ಗಲ್ಲ ಮೇಲೆ’ ಎನ್ನುತ್ತಿದ್ದೆ.

“ಅವರು ನನ್ನ ಹೆಂಡತಿ” ಎಂದುಬಿಟ್ಟೆ.

ಸಹಾಯಂ ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಮುಖ ಅಗಲವಾಯಿತು. “ಆ ದೊಡ್ಡ ಫೋಟೋಗ್ರಾಫರ್ ನೀವೇನಾ ಸಾರ್? ಆ ಯಮ್ಮ ಬಂದ ಕೂಡಲೇ ಹೇಳ್ತು, ‘ನಮ್ಮನೆಯವ್ರು ಬಾಳಾ ಸೆನ್ನಾಗ್ ಪೋಟೋ ತೆಗೀತಾರೆ, ತಪ್ಪಿದ್ರೆ ಕಂಡ್ ಇಡೀತಾರೆ, ನೋಡ್ಕಂಡ್ ತೆಗೀರಣ್ಣ’ ಅಂತ. ನನಗೆ ಅವತ್ತೆಲ್ಲ ಟೆನ್ಷನ್ನು.” ಹೀಗೆ ಹೇಳಿ ನನ್ನ ಕೈ ಕುಲುಕಿದ. ವಡೆಯ ಎಣ್ಣೆ ಅಂಟಿತು. ಒರೆಸಿಕೊಳ್ಳುವುದು ಮರ್ಯಾದೆಯಲ್ಲವೆಂದು ಹಾಗೇ ಬಿಟ್ಟೆ. ನನ್ನ ಮುಖ ಇವತ್ತು ಆಗುವುದಿಲ್ಲವೆಂದೂ ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಬರಬೇಕೆಂದೂ ಅವನೇ ತೀರ್ಪು ಕೊಟ್ಟ.

ಊರಿಗೆ ಬಂದು ರತ್ನನಿಗೆ ಹೇಳಿದೆ. ಊರಿಗಾಂಗೆ ಯಾಕೆ ಹೋಗಿದ್ದಿರಿ ಎಂದು ಅವಳು ಕೇಳಲಿಲ್ಲ. “ಡೈರಿಗೆ ಆಲ್ ಒಯ್ಯಕ್ಕೆ ಸುರು ಮಾಡ್ದಾಗ್ಲೇ ಪದ್ಮ ಅಂದ್ಲು, ಅಣ್ಣಂಗೆ ಏನೋ ಆಗ್ಯದೆ ಅಂತ” ಎಂದಳು. ಅಷ್ಟೇ.

ಮುಂದಿನ ವಾರ ಇಬ್ಬರೂ ಹೋದೆವು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದೆ. ಸಹಾಯಂ ನನ್ನನ್ನು ಕೂರಿಸಿ, ರತ್ನನನ್ನು ಕ್ಯಾಮೆರಾದ ಪಕ್ಕದಲ್ಲಿ ನಿಲ್ಲಿಸಿಕೊಂಡ. ಇದು ನನಗೆ ಸರಿಬರಲಿಲ್ಲ. ನಾನು ನಿಲ್ಲುವ ಜಾಗದಲ್ಲಿ ಅವಳು, ಅವಳು ಕೂರುವ ಜಾಗದಲ್ಲಿ ನಾನು. ಅವಳು ಎರಡು ಕೈ ಸೊಂಟಕ್ಕಿಟ್ಟು ನನ್ನನ್ನು ನೋಡಿದಳು.

“ಕಾಲರ್ ಸರಿ ಮಾಡ್ಕಳಿ.”

ಸರಿ ಮಾಡಿಕೊಂಡೆ.

“ಗಲ್ಲ ಮ್ಯಾಕೆ. ಅಷ್ಟಲ್ಲ. ಒಟ್ಟೆ ಒಳಕ್ಕೆ. ಉಸ್ರು ಬುಡ್‌ಬ್ಯಾಡಿ. ನಗ್ರಿ. ಯಾಕಂಗ್ ನೋಡ್ತೀರಿ, ನಗ್ರಿ ಅಂದೆ.”

ಹೊಟ್ಟೆ ಒಳಗೆಳೆದು, ಉಸಿರು ಹಿಡಿದು, ಗಲ್ಲ ಎತ್ತಿ ನಗುವುದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ನನ್ನ ಕೈಯಲ್ಲಿ ಆ ಪಾಡು ಪಟ್ಟ ಮ್ಯಾನೇಜರು, ಜವಾನ, ನಿವೃತ್ತರಾದವರು, ಎಲ್ಲರ ಮುಖಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಸಹಾಯಂ ‘ಕೊಂಜಂ ಇರಿ ಸಾರ್’ ಎಂದು ಬಂದು, ನನ್ನ ಬೋಳು ಹಣೆ ಹೊಳೆಯುತ್ತಿದೆಯೆಂದು ಅದಕ್ಕೆ ಪಫ್ಫಿನಲ್ಲಿ ಪೌಡರು ಬಡಿದ. ಹಿಡಿದಿದ್ದ ಉಸಿರಿಗೆ ಪೌಡರು ಹೋಗಿ ನಾನು ಸೀನಿದೆ. ಸೀನಿದ ರಭಸಕ್ಕೆ, ಅಷ್ಟು ಹೊತ್ತು ಒಳಗೆ ಕಾಪಾಡಿಕೊಂಡಿದ್ದ ಹೊಟ್ಟೆ ಹೊರಗೆ ಬಂದು ಅಂಗಿಯ ಒಂದು ಗುಂಡಿ ಹಾರಿ ಕ್ಯಾಮೆರಾದ ಕಾಲಿನ ಹತ್ತಿರ ಬಿತ್ತು.

ರತ್ನ ನಕ್ಕಳು. ಸೆರಗು ಹುಡುಕುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ. ನಕ್ಕು ನಕ್ಕು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ನಾನು ಅವಳನ್ನೇ ನೋಡುತ್ತಾ ಕೂತೆ, ನನ್ನ ಮುಖ ಏನು ಮಾಡುತ್ತಿದೆ ಎಂಬುದು ನನಗೆ ಮರೆತೇಹೋಯಿತು. ಯಾವಾಗಲೋ ಬೆಳಕು ಮಿಂಚಿ ಆರಿತು. “ಆಯ್ತು ಸಾರ್, ಎದ್ದೇಳಿ” ಎಂದ ಸಹಾಯಂ.

ಫೋಟೋ ಒಳ್ಳೆಯದೇ ಬಂದಿದೆ, ಒಪ್ಪಬೇಕು. ಗುಂಡಿ ಹಾರಿದ ಜಾಗ ಕಾಣದ ಹಾಗೆ ಎದೆಯಿಂದ ಮೇಲೆ ಮಾತ್ರ ಇಟ್ಟಿದ್ದಾನೆ. ಬೇಕಾದವರಿಗೆ ನಾನೇ ಈಗ ಹೇಳುತ್ತೇನೆ, ಫೋಟೋ ತೆಗೆಸುವುದಾದರೆ ಕಸುಬಿನವರ ಹತ್ತಿರ ಹೋಗಿ, ಫೋನಿನಲ್ಲಿ ಹಸು ಚೆನ್ನಾಗಿ ಬರುತ್ತದೆ ಎಂದು. ರತ್ನ ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, “ಇದ್ರಾಗೆ ನೀವು ಒಳ್ಳೇವ್ರಂಗೆ ಕಾಣ್ತೀರಿ” ಎಂದಳು. ಹೊಗಳಿಕೆ ಎಂದುಕೊಂಡು ನಾನು ಅವತ್ತು ಉಬ್ಬಿದೆ. ಅದರ ಪೂರ್ತಿ ಅರ್ಥ ಆದದ್ದು ಹೋದ ಭಾನುವಾರ.

ಸಂಜೆ ರತ್ನ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ಪದ್ಮ. ಇಬ್ಬರ ತಲೆಯೂ ರತ್ನನ ಫೋನಿನ ಮೇಲೆ ಬಗ್ಗಿತ್ತು. ಫೋನಿನಲ್ಲಿ ಅವನಿದ್ದ, ಸಹಾಯಂ ತೆಗೆದ ಫೋಟೋದ ಬಿಳಿ ಅಂಗಿಯವನು. “ಅಣ್ಣ ಯಾರನ್ ನೋಡ್ತಾವ್ರೆ ಇದ್ರಾಗೆ, ಇಂಗೆ?” ಎಂದು ಪದ್ಮ ಕೇಳಿದಳು. ರತ್ನ ಅವನ ಮುಖವನ್ನು ಬೆರಳಿನಲ್ಲಿ ದೊಡ್ಡದು ಮಾಡಿದಳು. ನಾನು ಹಿಂದೆ ನಿಂತು, “ರತ್ನ, ಒಂದು ಲೋಟ ಕಾಫಿ” ಎಂದೆ. ಕೇಳಿಸಲಿಲ್ಲ. ಇನ್ನೊಂದು ಸಲ ಎಂದೆ. “ಇರ್ರಿ ಒಸಿ, ನೋಡ್ತಾ ಇವ್ನಿ” ಎಂದಳು, ತಲೆ ಎತ್ತದೆ. ನನ್ನ ಇಡೀ ಜೀವಮಾನದಲ್ಲಿ ಅವಳು ನನ್ನನ್ನು ಅಷ್ಟು ಹೊತ್ತು, ಅಷ್ಟು ಅಕ್ಕರೆಯಿಂದ ನೋಡಿದ್ದು ನನಗೆ ನೆನಪಿಲ್ಲ. ಆ ಬಿಳಿ ಅಂಗಿಯವನಿಗೇನು, ಕಾಫಿ ಕೇಳುವುದಿಲ್ಲ, ಮಲಗಿದ್ದಲ್ಲಿಂದ ಕರೆಂಟು ಬಂತು ಎನ್ನುವುದಿಲ್ಲ, ಸುಮ್ಮನೆ ಅವಳನ್ನು ನೋಡುತ್ತಾ ಕೂತಿರುತ್ತಾನೆ. ಹೊಟ್ಟೆಯೊಳಗೆ ಸ್ಟವ್ ಹತ್ತಿತು.

ನಾನು ಒಳಗೆ ಹೋಗಿ ಡಬ್ಬಗಳನ್ನೆಲ್ಲ ತಡಕಾಡಿ ನಾನೇ ಕಾಫಿ ಮಾಡಿದೆ. ಇದೊಂದು ಅವನ ಕೈಯಲ್ಲಿ ಆಗುವುದಿಲ್ಲವಲ್ಲ ಎಂಬ ಹಟ. ತಂದು ಅವಳ ಕೈಗೆ ಒಂದು ಲೋಟ, ಪದ್ಮನಿಗೆ ಒಂದು ಲೋಟ ಕೊಟ್ಟು ಎದುರಿಗೇ ನಿಂತೆ. ರತ್ನ ಒಂದು ಗುಟುಕು ಕುಡಿದಳು.

“ಸಕ್ರೆ ಜಾಸ್ತಿ ಆಗದೆ” ಎಂದಳು. ಆಮೇಲೆ, ಕಣ್ಣು ಫೋನಿನಿಂದ ಕೀಳದೆಯೇ, “ಒಸಿ ಅತ್ಲಾಗ್ ಸರೀರಿ, ಬೆಳಕ್ಗೆ ಅಡ್ಡ ಬತ್ತೀರಿ” ಎಂದಳು.

ಸರಿದು ನಿಂತೆ.